ಪ್ರಗತಿ ಪತ್ರದಲ್ಲಿ ‘ಎ’ ಶ್ರೇಣಿ, ಆದರೆ ಭಿನ್ನರಾಶಿ ಕೂಡಲು ಬರುವುದಿಲ್ಲ: ಈ ಶ್ರೇಣಿಯನ್ನು ಹೇಗೆ ಓದಬೇಕು?

ಪ್ರಶ್ನೆ: ಏಳನೇ ತರಗತಿಯ ಪೋಷಕಿ, ಹಾವೇರಿ ಜಿಲ್ಲೆ

ನನ್ನ ಮಗಳು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ವರ್ಷ ಏಳನೇ ತರಗತಿ ಮುಗಿಸಿದಳು. ಏಪ್ರಿಲ್‌ನಲ್ಲಿ ಕೈಗೆ ಬಂದ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ‘ಎ’ ಶ್ರೇಣಿ ಇತ್ತು. ಮನೆಯವರೆಲ್ಲ ಸಂತೋಷಪಟ್ಟೆವು. ರಜೆಯಲ್ಲಿ ಅವಳ ಸೋದರಮಾವ ಬಂದಾಗ ಸಹಜವಾಗಿ 2/3 ಕ್ಕೆ 1/4 ಕೂಡಿಸು ಎಂದು ಕೇಳಿದರು. ಅವಳು ಸ್ವಲ್ಪವೂ ತಡವರಿಸದೆ, ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ 3/7 ಎಂದು ಬರೆದುಕೊಟ್ಟಳು. ಬಳಿಕ ಕೇಳಿದ ಇನ್ನೆರಡು ಲೆಕ್ಕಗಳನ್ನೂ ಅದೇ ರೀತಿ ಮಾಡಿದಳು.

ಸರ್ಕಾರಿ ಶಾಲೆ ಬಿಡಿಸಿ ಪಟ್ಟಣದ ಶಾಲೆಗೆ ಹಾಕಿರಿ ಎಂಬುದು ನನ್ನ ತಮ್ಮನ ಸಲಹೆ. ನನಗೆ ಅದು ಒಪ್ಪಿಗೆಯಿಲ್ಲ. ಗಣಿತ ಕಲಿಸುವ ಅಕ್ಕೋರು ಮಕ್ಕಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ, ಒಂದು ದಿನವೂ ತಪ್ಪಿಸುವುದಿಲ್ಲ. ಅವರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಆದರೆ ಈ ‘ಎ’ ಏನನ್ನು ಹೇಳುತ್ತಿದೆ ಎಂಬುದು ನನಗೆ ತಿಳಿಯಬೇಕಾಗಿದೆ. ನನ್ನ ಮಗಳಿಗೆ ಬರುವುದೆಷ್ಟು, ಬಾರದಿರುವುದೆಷ್ಟು ಎಂಬುದನ್ನು ಆ ಪತ್ರದಿಂದ ತಿಳಿಯಲು ಸಾಧ್ಯವೇ? ಸಾಧ್ಯವಿಲ್ಲವಾದರೆ ಶಾಲೆಯಲ್ಲಿ ಏನನ್ನು, ಯಾವ ರೀತಿಯಲ್ಲಿ ಕೇಳಬೇಕು?

ಉತ್ತರ 1: ಪದವೀಧರ ಪ್ರಾಥಮಿಕ ಶಿಕ್ಷಕ (ಗಣಿತ), ಕೊಪ್ಪಳ ಜಿಲ್ಲೆ

ಮೇಡಂ, ನಾನು ಹದಿನಾಲ್ಕು ವರ್ಷಗಳಿಂದ ಆರು, ಏಳು, ಎಂಟನೇ ತರಗತಿಗಳಿಗೆ ಗಣಿತ ಕಲಿಸುತ್ತಿದ್ದೇನೆ. ತಾವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ತಮ್ಮ ಕೈಯಲ್ಲಿರುವ ಪತ್ರದಲ್ಲೇ ಇದೆ. ದಯವಿಟ್ಟು ಕೊನೆಯ ಕಾಲಮಿನ ಅಕ್ಷರವನ್ನು ಬಿಟ್ಟು ಅದರ ಎಡಕ್ಕಿರುವ ಅಂಕಗಳನ್ನು ನೋಡಿ.

ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ಬರೆಸುವ) ಮೌಲ್ಯಮಾಪನಗಳಿರುತ್ತವೆ. ರೂಪಣಾತ್ಮಕಕ್ಕೆ ತಲಾ 15ರಂತೆ 60, ಸಂಕಲನಾತ್ಮಕಕ್ಕೆ ತಲಾ 20ರಂತೆ 40, ಒಟ್ಟು 100. ಇದರಲ್ಲಿ 90 ಮತ್ತು ಮೇಲ್ಪಟ್ಟರೆ ‘ಎ ಪ್ಲಸ್’, 70ರಿಂದ 89ರವರೆಗೆ ‘ಎ’, 50ರಿಂದ 69ಕ್ಕೆ ‘ಬಿ ಪ್ಲಸ್’, 30ರಿಂದ 49ಕ್ಕೆ ‘ಬಿ’, ಅದಕ್ಕಿಂತ ಕಡಿಮೆಯಾದರೆ ‘ಸಿ’. ರೂಪಣಾತ್ಮಕದಲ್ಲಿ ಚಟುವಟಿಕೆ, ಮೌಖಿಕ ಉತ್ತರ, ಯೋಜನೆ, ಕಿರುಪರೀಕ್ಷೆಗಳು ಸೇರಿರುತ್ತವೆ. ಮಗು ಕಾಗದ ಮಡಚಿ ಭಿನ್ನರಾಶಿಯ ಮಾದರಿ ಮಾಡಿಕೊಂಡು ಬಂದರೆ, ಚಾರ್ಟಿಗೆ ಬಣ್ಣ ಹಚ್ಚಿ ತಂದರೆ ನಾವು 15ಕ್ಕೆ 13 ಅಥವಾ 14 ಕೊಡುತ್ತೇವೆ. ನಾಲ್ಕೂ ಬಾರಿ 14 ಬಂದರೆ 56 ಆಯಿತು. ಇನ್ನು ಆ ಮಗು ಎರಡೂ ಲಿಖಿತ ಪರೀಕ್ಷೆಗಳಲ್ಲಿ 20ಕ್ಕೆ 8 ಪಡೆದರೂ ಒಟ್ಟು 72 ಆಗುತ್ತದೆ, ಶ್ರೇಣಿ ‘ಎ’ ಆಗುತ್ತದೆ. ಬರವಣಿಗೆಯಲ್ಲಿ ಶೇ. 40 ಪಡೆದ ಮಗು ಮತ್ತು ಶೇ. 80 ಪಡೆದ ಮಗು ಒಂದೇ ಅಕ್ಷರದ ಕೆಳಗೆ ಕುಳಿತುಕೊಳ್ಳುತ್ತಾರೆ.

ನಾನೂ ಹೀಗೆ ಅಂಕ ಕೊಟ್ಟಿದ್ದೇನೆ. ಕಾರಣಗಳನ್ನು ಮುಚ್ಚಿಡದೆ ಹೇಳುತ್ತೇನೆ. ಕಲಿಸುವವನೂ ನಾನೇ, ಚಟುವಟಿಕೆ ಆರಿಸುವವನೂ ನಾನೇ, ಅಂಕ ಕೊಟ್ಟು ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸುವವನೂ ನಾನೇ. ‘ಸಿ’ ಕೊಟ್ಟರೆ ಆ ಮಗುವಿಗೆ ಪರಿಹಾರ ಬೋಧನೆ ಮಾಡಿದ ದಾಖಲೆ ಇಡಬೇಕು, ಏಕೆ ಹೀಗಾಯಿತೆಂದು ಮೇಲಿನವರಿಗೆ ಉತ್ತರಿಸಬೇಕು. ‘ಎ’ ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆಯುತ್ತ, ಚುನಾವಣೆ ಮತ್ತು ಸಮೀಕ್ಷೆಯ ಕೆಲಸಕ್ಕೂ ಓಡಾಡುವ ಶಿಕ್ಷಕನಿಗೆ ಯಾವುದು ಹಗುರವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರ ಜೊತೆಗೆ ಮಗುವಿನ ಮೇಲಿನ ಮಮತೆಯೂ ಇದೆ. ಬೆಳಿಗ್ಗೆ ಎಮ್ಮೆ ಮೇಯಿಸಿ ಓಡುತ್ತ ಶಾಲೆಗೆ ಬರುವ ಹುಡುಗನ ಮುಂದೆ ‘ಸಿ’ ಇಡಲು ಕೈ ಬರುವುದಿಲ್ಲ. ಆದರೆ ಆ ಮಮತೆಯ ಬೆಲೆ ತೆರುವವನು ಅವನೇ ಎಂಬುದನ್ನು ನಾನು ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಕಂಡೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗಾಗಿ ನಡೆಯುವ ಈ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ. 50. ನಮ್ಮ ಶಾಲೆಯ ಬಹುತೇಕ ಮಕ್ಕಳು ಈ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಆದರೆ ಪರೀಕ್ಷೆಯಲ್ಲಿ ಅರ್ಹತೆಗೆ ಬೇಕಾದ ಶೇ. 40 ಅನ್ನು ಮುಟ್ಟಲು ನಮ್ಮ ‘ಎ’ ಶ್ರೇಣಿಯ ಮಕ್ಕಳೇ ಒದ್ದಾಡಿದರು. ಒಂದು ವರ್ಷ ನನ್ನ ಬಳಿ ‘ಎ ಪ್ಲಸ್’ ಪಡೆದಿದ್ದ ಹುಡುಗನೊಬ್ಬ ಫಲಿತಾಂಶ ನೋಡಿಕೊಂಡು ಬಂದು, “ಸರ್, ನಾನು ಗಣಿತದಲ್ಲಿ ಜಾಣನಲ್ಲವೇ?” ಎಂದು ಕೇಳಿದ. ಅವನು ಜಾಣನೇ ಆಗಿದ್ದ. ಅವನಿಗೆ ಏನು ಬರುವುದಿಲ್ಲ ಎಂಬುದನ್ನು ಮೂರು ವರ್ಷ ಅವನಿಂದ ಮುಚ್ಚಿಟ್ಟಿದ್ದವನು ನಾನು.

ತಮ್ಮ ಮಗಳ 3/7 ವಿಷಯಕ್ಕೆ ಬರುತ್ತೇನೆ. ಇದು ಅಜಾಗರೂಕತೆಯ ತಪ್ಪಲ್ಲ. ಅಂಶ ಮತ್ತು ಛೇದಗಳನ್ನು ಎರಡು ಬೇರೆ ಬೇರೆ ಸಂಖ್ಯೆಗಳೆಂದು ಅವಳು ತಿಳಿದಿದ್ದಾಳೆ, ಎರಡೂ ಸೇರಿ ಒಂದೇ ಅಳತೆ ಎಂಬುದು ಅವಳಿಗೆ ಇನ್ನೂ ಹೊಳೆದಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕದ ಈ ಲೆಕ್ಕಕ್ಕೆ, ಪ್ರಶ್ನೆ ಸರಿಯಾಗಿ ಬರೆದಿದ್ದಾಳೆ, ಕೂಡುವ ಪ್ರಯತ್ನ ಮಾಡಿದ್ದಾಳೆ ಎಂದು ನಮ್ಮಲ್ಲಿ ಅನೇಕರು ಒಂದು ಅಂಕ ಕೊಡುತ್ತೇವೆ. ಈಗ ನಾನು ಸೊನ್ನೆ ಕೊಡುತ್ತೇನೆ, ಪಕ್ಕದಲ್ಲಿ “3/7 ಎಂಬುದು 2/3 ಕ್ಕಿಂತ ದೊಡ್ಡದೋ ಚಿಕ್ಕದೋ?” ಎಂದು ಬರೆದು, ಉತ್ತರಿಸಿ ತಂದ ಮೇಲೆ ಅಂಕ ತಿದ್ದುತ್ತೇನೆ. ಇದ್ದುದಕ್ಕೆ ಮತ್ತಷ್ಟು ಸೇರಿಸಿದರೂ ಮೊತ್ತ ಇಳಿದಿದೆ ಎಂಬುದನ್ನು ಮಗು ತಾನೇ ಕಂಡುಕೊಂಡ ಕ್ಷಣದಲ್ಲಿ ಲ.ಸಾ.ಅ. ಏಕೆ ಬೇಕು ಎಂಬುದು ಅದಕ್ಕೆ ಅರ್ಥವಾಗುತ್ತದೆ. ಮೂವತ್ತೆಂಟು ಮಕ್ಕಳ ಹಾಳೆಗಳಲ್ಲಿ ಹೀಗೆ ಬರೆಯಲು ನನಗೆ ಮೂರು ಸಂಜೆಗಳು ಬೇಕಾಗುತ್ತವೆ. ಪ್ರತಿ ಪರೀಕ್ಷೆಗೂ ಇದು ನನ್ನಿಂದ ಆಗುವುದಿಲ್ಲ; ವರ್ಷಕ್ಕೆ ಎರಡು ಬಾರಿ ಮಾಡುತ್ತೇನೆ.

ತಾವು ಶಾಲೆಗೆ ಹೋಗಿ ಎರಡನೇ ಸಂಕಲನಾತ್ಮಕದ ಉತ್ತರ ಪತ್ರಿಕೆಯನ್ನು ನೋಡಬಯಸುವುದಾಗಿ ಹೇಳಿ. ಅದನ್ನು ಪೋಷಕರಿಗೆ ತೋರಿಸಲೆಂದೇ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವಿದೆ. ನಾವು ಅದನ್ನು ಸಹಿ ಹಾಕಿಸಿಕೊಳ್ಳುವ ದಿನವನ್ನಾಗಿ ಮಾಡಿಕೊಂಡಿದ್ದೇವೆ.

ಉತ್ತರ 2: ಪೋಷಕ, ದಾವಣಗೆರೆ

ಸರ್ ವಿವರಿಸಿದ್ದು ಸರಿ. ಆದರೆ ಇದರ ಮೂಲ ಇರುವುದು ಯಾರನ್ನೂ ಅನುತ್ತೀರ್ಣಗೊಳಿಸಬಾರದೆಂಬ ನಿಯಮದಲ್ಲಿ ಎಂದು ನನ್ನ ಅಭಿಪ್ರಾಯ. ಎಂಟು ವರ್ಷ ಧಾರಾಳವಾಗಿ ಅಂಕ ಪಡೆದ ಮಗು ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಬಾರಿಗೆ ಎಡವುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಅಳವಡಿಸಿದಾಗ ಏನಾಯಿತೆಂಬುದನ್ನು ನಾವೆಲ್ಲ ನೋಡಿದೆವು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದ ಮೇಲೆ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಮರಳಿ ತಂದು, ಬಾರದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಂಡರೆ ಮಾತ್ರ ಶಾಲೆಗಳು ಬಿಗಿಯಾಗುತ್ತವೆ.

ಉತ್ತರ 3: ನಿವೃತ್ತ ಮುಖ್ಯೋಪಾಧ್ಯಾಯ, ಧಾರವಾಡ

ದಾವಣಗೆರೆಯ ಮಿತ್ರರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅವರ ಪರಿಹಾರವನ್ನು ಒಪ್ಪಲಾರೆ. ನಮ್ಮ ಕಡೆ ಏಳನೇ ಇಯತ್ತೆಯ ಆ ಪರೀಕ್ಷೆಯನ್ನು ಮುಲ್ಕಿ ಎಂದು ಕರೆಯುತ್ತಿದ್ದರು. ನನ್ನ ತಂದೆಯ ಕಾಲದಲ್ಲಿ ಮುಲ್ಕಿ ಪಾಸಾದವರು ಶಾಲಾ ಮಾಸ್ತರರಾಗುತ್ತಿದ್ದರು, ಊರಿನಲ್ಲಿ ಅವರಿಗೆ ದೊಡ್ಡ ಮರ್ಯಾದೆ ಇತ್ತು. ಆ ಮರ್ಯಾದೆಯ ನೆನಪು ಎಲ್ಲರಿಗೂ ಇದೆ, ನಪಾಸಾದವರ ನೆನಪು ಯಾರಿಗೂ ಇಲ್ಲ. ನನ್ನ ಜೊತೆ ಏಳನೇ ತರಗತಿಗೆ ಕುಳಿತ ಹುಡುಗಿಯರಲ್ಲಿ ನಪಾಸಾದ ಯಾರೂ ಮರುವರ್ಷ ಶಾಲೆಗೆ ಬರಲಿಲ್ಲ. ಒಬ್ಬಳ ಮದುವೆ ಅದೇ ಬೇಸಿಗೆಯಲ್ಲಿ ಆಯಿತು. ಗಂಡುಮಕ್ಕಳು ಹೊಲಕ್ಕೆ ಹೋದರು. ನಪಾಸು ಮಾಡಿದ್ದರಿಂದ ಅವರಲ್ಲಿ ಒಬ್ಬರಾದರೂ ಭಾಗಾಕಾರ ಕಲಿತದ್ದನ್ನು ನಾನು ಕಾಣಲಿಲ್ಲ. ತಪ್ಪಿದ ಮಗುವಿಗೆ ಅದೇ ಪಾಠವನ್ನು ಅದೇ ರೀತಿಯಲ್ಲಿ ಇನ್ನೊಂದು ವರ್ಷ ಹೇಳಿದರೆ ಹೊಸದಾಗಿ ತಿಳಿಯುವುದೇನು?

ಆಗಿನ ಶಾಲೆಯಲ್ಲಿ ಒಂದು ಬಿಗಿ ಇದ್ದದ್ದು ನಿಜ. ಅದು ಇದ್ದದ್ದು ದಿನದಿನದ ಕೆಲಸದಲ್ಲಿ. ನಾವು ಕಾಲು, ಅರ್ಧ, ಮುಕ್ಕಾಲು, ಒಂದೂವರೆಯ ಮಗ್ಗಿಗಳನ್ನು ಸಂಜೆ ಸಾಲಾಗಿ ನಿಂತು ಹೇಳುತ್ತಿದ್ದೆವು. ಏಳು ಮುಕ್ಕಾಲು ಎಂದರೆ ಐದೂಕಾಲು ಎಂಬುದು ಬಾಯಲ್ಲಿಯೇ ಇರುತ್ತಿತ್ತು. ಅಂಥ ಮಗುವಿಗೆ ಮೂರರಲ್ಲಿ ಎರಡು ಭಾಗಕ್ಕೆ ಕಾಲು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗಲಾರದು ಎಂಬುದು ಬರೆಯುವ ಮೊದಲೇ ತಿಳಿಯುತ್ತಿತ್ತು. ಮಗ್ಗಿ ತಪ್ಪಿದವನಿಗೆ ಛಡಿ ಏಟೂ ಬೀಳುತ್ತಿತ್ತು. ಅದು ಮರಳಿ ಬರುವುದು ಬೇಡ. ಬಾಯಿಲೆಕ್ಕ ಬರಲಿ.

ಇನ್ನೊಂದು ಸಂಗತಿ. ಆ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ನಮ್ಮ ಗುರುಗಳು ತಿದ್ದುತ್ತಿರಲಿಲ್ಲ, ಬೇರೆಯವರು ತಿದ್ದುತ್ತಿದ್ದರು. ಇದನ್ನು ಉಳಿಸಿಕೊಳ್ಳಲು ನಪಾಸು ಮಾಡುವ ಅಗತ್ಯವಿಲ್ಲ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಪಕ್ಕದ ಊರಿನ ಶಾಲೆಯೊಡನೆ ಮಾತಾಡಿಕೊಂಡು ಆರು ಮತ್ತು ಏಳನೇ ತರಗತಿಯ ಗಣಿತದ ಪತ್ರಿಕೆಗಳನ್ನು ಅದಲು ಬದಲು ಮಾಡಿದೆವು. ಅವರದನ್ನು ನಾವು, ನಮ್ಮದನ್ನು ಅವರು ತಿದ್ದಿದೆವು. ಮೊದಲ ಸಲ ಅಂಕಗಳು ಎರಡೂ ಕಡೆ ಕುಸಿದವು, ಶಿಕ್ಷಕರಲ್ಲಿ ಮುನಿಸಾಯಿತು. ಒಂದು ಶನಿವಾರ ಎಲ್ಲರೂ ಕುಳಿತು ಒಂದೇ ಉತ್ತರವನ್ನು ಓದಿ ಎಷ್ಟು ಕೊಡಬಹುದೆಂದು ಚರ್ಚಿಸಿದಾಗ ಐದು ಅಂಕದ ಲೆಕ್ಕಕ್ಕೆ ಒಬ್ಬರು ಒಂದೂವರೆ, ಇನ್ನೊಬ್ಬರು ನಾಲ್ಕು ಕೊಟ್ಟಿದ್ದರು. ಆ ಶನಿವಾರ ನಮಗೆ ಆದ ಉಪಯೋಗ ಅನೇಕ ತರಬೇತಿಗಳಿಂದ ಆಗಿರಲಿಲ್ಲ. ನಾನು ವರ್ಗವಾದ ಮೇಲೆ ಅದು ನಿಂತುಹೋಯಿತು ಎಂಬ ನೋವು ನನಗಿದೆ.

ಉತ್ತರ 4: ಸಮೂಹ ಸಂಪನ್ಮೂಲ ವ್ಯಕ್ತಿ, ತುಮಕೂರು ಜಿಲ್ಲೆ

ಕಾನೂನಿನ ವಿಷಯದಲ್ಲಿ ಒಂದು ಸ್ಪಷ್ಟನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಪ್ರಕರಣವು ಎಂಟನೇ ತರಗತಿಯವರೆಗೆ ಮಗುವನ್ನು ಹಿಂದೆ ಉಳಿಸಬಾರದೆಂದು ಹೇಳಿತ್ತು. 2019ರ ತಿದ್ದುಪಡಿಯು ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆ ನಡೆಸಿ, ತಪ್ಪಿದವರಿಗೆ ಎರಡು ತಿಂಗಳೊಳಗೆ ಮತ್ತೊಂದು ಅವಕಾಶ ಕೊಟ್ಟು, ಆಮೇಲೂ ಆಗದಿದ್ದರೆ ಉಳಿಸಿಕೊಳ್ಳುವ ನಿರ್ಧಾರವನ್ನು ಸರ್ಕಾರಗಳಿಗೆ ಬಿಟ್ಟಿತು. ನಮ್ಮ ರಾಜ್ಯದಲ್ಲಿ 5, 8, 9ನೇ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಪ್ರಯತ್ನವು 2024ರಲ್ಲಿ ಹೈಕೋರ್ಟ್‌ನ ಎರಡು ಪೀಠಗಳನ್ನು ದಾಟಿ, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡುವಲ್ಲಿಗೆ ಬಂದು ನಿಂತಿತು. ಈ ಗದ್ದಲದಲ್ಲಿ 24ನೇ ಪ್ರಕರಣದ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ಕೊಡುವುದು, ಪೋಷಕರ ಸಭೆ ಕರೆದು ಮಗುವಿನ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಅದು ಹೇಳುತ್ತದೆ. ಆದ್ದರಿಂದ ಹಾವೇರಿಯ ಮೇಡಂ ಅವರು ಉತ್ತರ ಪತ್ರಿಕೆ ಕೇಳಲು ಹಿಂಜರಿಯಬೇಕಾಗಿಲ್ಲ.

ಧಾರವಾಡದ ಹಿರಿಯರು ಹೇಳಿದ ಅದಲು ಬದಲನ್ನು ಈ ವರ್ಷ ನಾನು ನೋಡಿಕೊಳ್ಳುವ ಶಾಲಾ ಸಮೂಹದ ನಾಲ್ಕು ಶಾಲೆಗಳಲ್ಲಿ ಪ್ರಯತ್ನಿಸುತ್ತೇನೆ. ಗುರುಗಳೇ, ಶಿಕ್ಷಕರ ಮುನಿಸನ್ನು ತಾವು ಹೇಗೆ ಶಮನ ಮಾಡಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ. ಅಂಕ ಕುಸಿದ ಪಟ್ಟಿ ಮೇಲಿನ ಕಚೇರಿಗೆ ಹೋದಾಗ ಶಿಕ್ಷಕರ ಪರವಾಗಿ ನಿಲ್ಲಬೇಕಾದವನು ನಾನು, ಅದಕ್ಕಾಗಿ ಕೇಳುತ್ತಿದ್ದೇನೆ.

ಉತ್ತರ 5: ನಿವೃತ್ತ ಮುಖ್ಯೋಪಾಧ್ಯಾಯ, ಧಾರವಾಡ

ಮೊದಲ ವರ್ಷ ಆ ಅಂಕಗಳನ್ನು ನಾವು ಎಲ್ಲಿಗೂ ಕಳಿಸಲಿಲ್ಲ. ಅದಲು ಬದಲು ತಿದ್ದುವಿಕೆಯನ್ನು ಶಾಲೆಯೊಳಗಿನ ಕಿರುಪರೀಕ್ಷೆಗೆ ಮಾತ್ರ ಸೀಮಿತಗೊಳಿಸಿದೆವು. ಭಯ ಕಡಿಮೆಯಾದ ಮೇಲೆ ಶಿಕ್ಷಕರೇ ಮುಂದೆ ಬಂದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೊಪ್ಪಳದ ಸರ್ ಹೇಳಿದಂತೆ ಪತ್ರವನ್ನು ಮತ್ತೆ ತೆರೆದು ನೋಡಿದೆ. ರೂಪಣಾತ್ಮಕದಲ್ಲಿ 14, 13, 14, 14. ಸಂಕಲನಾತ್ಮಕದಲ್ಲಿ 9 ಮತ್ತು 7. ಒಟ್ಟು 71. ಎರಡು ತಿಂಗಳು ಆ ಪತ್ರ ಕಪಾಟಿನಲ್ಲಿತ್ತು, ನಾನು ಆ 9 ಮತ್ತು 7ನ್ನು ನೋಡಿಯೇ ಇರಲಿಲ್ಲ.

ಶಾಲೆ ತೆರೆದ ವಾರದಲ್ಲಿ ಹೋಗಿ ಅಕ್ಕೋರನ್ನು ಭೇಟಿಯಾದೆ. ಮೊದಲಿಗೆ ಅವರಿಗೆ ಗಾಬರಿಯಾಯಿತು. ದೂರು ತಂದಿಲ್ಲ, ಪತ್ರಿಕೆ ನೋಡಲು ಬಂದಿದ್ದೇನೆ ಎಂದ ಮೇಲೆ ಕಟ್ಟು ಬಿಚ್ಚಿ ತೋರಿಸಿದರು. ಭಿನ್ನರಾಶಿಯ ಅದೇ ತಪ್ಪು ಮೂರು ಕಡೆ ಇತ್ತು, ಮೂರಕ್ಕೂ ಅರ್ಧ ಅಂಕ ಸಿಕ್ಕಿತ್ತು. ತರಗತಿಯ ಇನ್ನೂ ಹಲವರು ಹೀಗೆಯೇ ಬರೆದಿದ್ದಾರೆ ಎಂದು ಅವರೇ ಹೇಳಿದರು, ಎಂಟನೇ ತರಗತಿಯ ಪಾಠ ತೆಗೆಯುವ ಮೊದಲು ಎರಡು ವಾರ ಭಿನ್ನರಾಶಿಗೆ ಕೊಡುವುದಾಗಿ ಒಪ್ಪಿಕೊಂಡರು.

ಮನೆಯಲ್ಲಿ ಒಂದು ಜೋಳದ ರೊಟ್ಟಿಯನ್ನು ಹನ್ನೆರಡು ತುಂಡು ಮಾಡಿ, ಮೂರರಲ್ಲಿ ಎರಡು ಭಾಗ ಎಂದರೆ ಎಷ್ಟು ತುಂಡು ಎಂದು ಮಗಳನ್ನು ಕೇಳಿದೆ. ಎಂಟು ಎಂದಳು. ಕಾಲು ಭಾಗ ಎಂದರೆ ಮೂರು ಎಂದಳು. ಹನ್ನೊಂದು ತುಂಡುಗಳನ್ನು ಒಂದು ಕಡೆ ಸರಿಸಿ, ತಾನು ಮೊದಲು ಬರೆದಿದ್ದ 3/7 ಅನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ಕೊಪ್ಪಳದ ಸರ್, ಇನ್ನೊಂದು ಪ್ರಶ್ನೆ. ಈ ವರ್ಷ ಅವಳನ್ನು ಎನ್‌ಎಂಎಂಎಸ್‌ಗೆ ಕೂರಿಸಬೇಕೆಂದಿದ್ದೇವೆ. ದಶಮಾಂಶಗಳಲ್ಲಿಯೂ ಅವಳು 0.5 ಕ್ಕಿಂತ 0.25 ದೊಡ್ಡದು ಎನ್ನುತ್ತಿದ್ದಾಳೆ. ಅದನ್ನು ಈಗಲೇ ಹಿಡಿಯಬೇಕೋ, ಭಿನ್ನರಾಶಿ ಪೂರ್ತಿಯಾಗುವವರೆಗೆ ಬಿಡಬೇಕೋ?

ಉತ್ತರ 6: ಪದವೀಧರ ಪ್ರಾಥಮಿಕ ಶಿಕ್ಷಕ (ಗಣಿತ), ಕೊಪ್ಪಳ ಜಿಲ್ಲೆ

ಎರಡನ್ನೂ ಒಟ್ಟಿಗೆ ಹಿಡಿಯಿರಿ ಮೇಡಂ, ಎರಡೂ ಒಂದೇ ತಪ್ಪಿನ ಮಕ್ಕಳು. 25 ಎಂಬುದು 5 ಕ್ಕಿಂತ ದೊಡ್ಡದೆಂದು ಅವಳು ಓದುತ್ತಿದ್ದಾಳೆ. ರೂಪಾಯಿಯಲ್ಲಿ ಕೇಳಿ: ಅರ್ಧ ರೂಪಾಯಿ ಎಂದರೆ ಐವತ್ತು ಪೈಸೆ, ಕಾಲು ರೂಪಾಯಿ ಎಂದರೆ ಇಪ್ಪತ್ತೈದು ಪೈಸೆ. ಬಳಿಕ ಹತ್ತು ಸೆಂಟಿಮೀಟರ್ ಉದ್ದದ ಗೆರೆ ಎಳೆದು, ಅದರ ಎರಡು ತುದಿಗಳಿಗೆ 0 ಮತ್ತು 1 ಎಂದು ಬರೆದು, 1/2, 1/4, 0.5, 0.25 ಈ ನಾಲ್ಕನ್ನೂ ಆ ಗೆರೆಯ ಮೇಲೆ ಗುರುತಿಸಲು ಹೇಳಿ. ನಾಲ್ಕು ಗುರುತುಗಳು ಎರಡೇ ಜಾಗಗಳಲ್ಲಿ ಬಂದ ದಿನ ನನಗೆ ತಿಳಿಸಿ, ಮುಂದಿನ ಲೆಕ್ಕಗಳನ್ನು ಕಳಿಸುತ್ತೇನೆ.