‘ಕಚ್ಚಾ ಫಿಲ್ಮ್’ ಸರಿ, ‘ಕಚ್ಚಾ ಕಡತ’ ಸರಿಯೆ?

ಮಾನ್ಯರೇ,

ಉಡುಪಿಯಲ್ಲಿ ಕಿರುಚಿತ್ರ ತಯಾರಿಸುವ ತರುಣರಿಗಾಗಿ ನಾವು ಕೆಲವರು ಒಂದು ಕೈಪಿಡಿಯನ್ನು ಬರೆಯುತ್ತಿದ್ದೇವೆ. ಫಿಲ್ಮಿನಲ್ಲಿ ಚಿತ್ರೀಕರಿಸಬೇಕೆ, ಡಿಜಿಟಲ್ ಕ್ಯಾಮೆರಾದಲ್ಲಿಯೆ ಎಂಬ ಅಧ್ಯಾಯದಲ್ಲಿ ‘ಕಚ್ಚಾ’ ಎಂಬ ಒಂದೇ ಪದ ಎರಡು ಬೇರೆ ವಸ್ತುಗಳಿಗೆ ಬಂದು ಖರ್ಚಿನ ಲೆಕ್ಕವನ್ನೇ ಗೋಜಲು ಮಾಡಿದೆ.

ಚಿತ್ರರಂಗದಲ್ಲಿ ‘ಕಚ್ಚಾ ಫಿಲ್ಮ್’ ಎಂದರೆ ಬೆಳಕು ಸೋಕದ, ಡಬ್ಬಿಯಲ್ಲಿ ಮುಚ್ಚಿಟ್ಟ ಫಿಲ್ಮ್. ಅದರಲ್ಲಿ ಇನ್ನೂ ಯಾವ ಚಿತ್ರವೂ ಇಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ 35 ಮಿ.ಮೀ. ಫಿಲ್ಮ್ ಸಾಮಾನ್ಯವಾಗಿ ನಿಮಿಷಕ್ಕೆ 90 ಅಡಿ ಖರ್ಚಾಗುವುದರಿಂದ 400 ಅಡಿಯ ರೋಲು ನಾಲ್ಕೂವರೆ ನಿಮಿಷದೊಳಗೆ ಮುಗಿಯುತ್ತದೆ. ಎಷ್ಟು ಕೊಳ್ಳಬೇಕೆಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಎಣಿಸಬೇಕು. ಕರಡಿನಲ್ಲಿ ‘ಕಚ್ಚಾ ಕಡತ’ ಎಂದಿದ್ದ ಡಿಜಿಟಲ್ ಕ್ಯಾಮೆರಾದ ‘ರಾ’ (raw) ಫೈಲು, ಅಂದರೆ ಬೆಳಕನ್ನು ಗ್ರಹಿಸುವ ಸೆನ್ಸರು ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸಿದ ಕಡತ, ಹಾಗಲ್ಲ. ದೃಶ್ಯ ಅದರೊಳಗೆ ಆಗಲೇ ಸೇರಿದೆ. ಸೆನ್ಸರಿನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ದಾಖಲಿಸಿರುವುದರಿಂದ, ಉಳಿದೆರಡನ್ನು ತಂತ್ರಾಂಶವು ನೆರೆಯ ಬಿಂದುಗಳ ಆಧಾರದಲ್ಲಿ ತುಂಬಿದ ಬಳಿಕವೇ ಅದು ನೋಡತಕ್ಕ ಬಣ್ಣದ ಚಿತ್ರವಾಗುತ್ತದೆ. ಇದರ ಖರ್ಚು ಹೆಚ್ಚಾಗಿ ಬರುವುದು ಚಿತ್ರೀಕರಣದ ಅನಂತರ, ಕಾಪಿಡುವ ಹಾರ್ಡ್‌ಡಿಸ್ಕುಗಳಿಗೆ. ಎರಡನ್ನೂ ‘ಕಚ್ಚಾ’ ಎಂದಿದ್ದ ಕರಡನ್ನು ಓದಿದ ವಿದ್ಯಾರ್ಥಿನಿಯೊಬ್ಬರು, ‘ಕಚ್ಚಾ ಸಾಮಗ್ರಿಗೆ ಎರಡು ಪ್ರತಿ ಮಾಡಿಡಿ’ ಎಂಬ ವಾಕ್ಯವನ್ನು ತೋರಿಸಿ, ಖಾಲಿ ಫಿಲ್ಮಿಗೆ ಪ್ರತಿ ಮಾಡುವುದು ಹೇಗೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಮಂಗಳೂರಿನ ಕಾರ್ಖಾನೆಗಳಲ್ಲಿ ‘ಕಚ್ಚಾ ಗೇರುಬೀಜ’ ಎನ್ನುವಾಗ ತಿರುಳು ಒಳಗೆ ಇದ್ದೇ ಇರುತ್ತದೆ, ಆದ್ದರಿಂದ ರಾ ಫೈಲಿಗೂ ಆ ಪದ ಒಗ್ಗುತ್ತದೆ ಎಂಬುದು ಸಹಲೇಖಕರೊಬ್ಬರ ವಾದ. ಒಪ್ಪಬಹುದಾದರೂ, ‘ಕಚ್ಚಾ ಫಿಲ್ಮ್’ ಬಳಕೆಯಲ್ಲಿ ಬೇರೂರಿರುವಾಗ ಅದೇ ಪದವನ್ನು ವಿರುದ್ಧ ಸ್ಥಿತಿಯ ವಸ್ತುವಿಗೂ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಹೊಳೆದದ್ದು ‘ಹಸಿ’. ಹಸಿ ಹಂಚಿಗೆ ಅಚ್ಚಿನಿಂದ ಆಕಾರ ಬಂದಿರುತ್ತದೆ, ಸುಡುವುದಷ್ಟೇ ಬಾಕಿ. ಬೆಳಕು ಸೋಕಿದ, ಆದರೆ ಲ್ಯಾಬಿನಲ್ಲಿ ಇನ್ನೂ ತೊಳೆಯದ (ಎಂದರೆ ರಾಸಾಯನಿಕಗಳಿಂದ ಚಿತ್ರ ಕಾಣುವಂತೆ ಮಾಡದ) ಫಿಲ್ಮಿನಲ್ಲಿಯೂ ಬೆಳ್ಳಿಯ ಲವಣದ ಹರಳುಗಳಲ್ಲಿ ಚಿತ್ರವು ಕಣ್ಣಿಗೆ ಕಾಣದಂತೆ ಮೂಡಿರುತ್ತದೆ. ರಾ ಫೈಲಿಗೆ ನಿಜವಾದ ಜೋಡಿ ಅದೇ ಹೊರತು ಡಬ್ಬಿಯ ಖಾಲಿ ಫಿಲ್ಮ್ ಅಲ್ಲ. ಹಾಗಾಗಿ ‘ಹಸಿ ಫಿಲ್ಮ್’, ‘ಹಸಿ ಕಡತ’ ಎಂದು ಬರೆಯಬಹುದೆಂದು ನನ್ನ ಭಾವನೆ. (‘ಕಚ್ಚಾ’ ಹಿಂದಿಯಿಂದ ಬಂದದ್ದು, ‘ಹಸಿ’ ಹಳಗನ್ನಡದ ‘ಪಸಿ’, ತುಳುವಿನ ‘ಪಜಿ’ಗೆ ಒಡಹುಟ್ಟು; ಆದರೆ ನನ್ನ ಆಯ್ಕೆಗೆ ಅದು ಕಾರಣವಲ್ಲ.)

ಒಂದು ತೊಡಕು ಉಳಿದಿದೆ. ತೊಳೆದ ಫಿಲ್ಮನ್ನು ಒಣಗಿಸುವ ಹಂತವೂ ಇರುವುದರಿಂದ, ‘ಹಸಿ ಫಿಲ್ಮ್’ ಎಂದರೆ ನೀರಿನಿಂದ ಆಗಷ್ಟೇ ತೆಗೆದ ಫಿಲ್ಮ್ ಎಂದು ತಿಳಿಯುವ ಅಪಾಯವಿದೆ. ನೆನೆದದ್ದಕ್ಕೆ ‘ಚಂಡಿ’ ಎನ್ನುವ ನಮ್ಮ ಕರಾವಳಿಯವರಿಗೆ ಗೊಂದಲವಾಗಲಿಕ್ಕಿಲ್ಲ. ಆದರೆ ‘ಹಸಿ ಅರಿವೆ’ ಎಂದು ಒದ್ದೆ ಬಟ್ಟೆಗೆ ಹೇಳುವ ಉತ್ತರ ಕರ್ನಾಟಕದವರಿಗೆ ಯಾವ ಅರ್ಥ ಮೊದಲು ಹೊಳೆಯುತ್ತದೆ? ಲ್ಯಾಬುಗಳಲ್ಲಿ ದುಡಿದ ಹಿರಿಯರು ತೊಳೆಯದ ಫಿಲ್ಮಿಗೆ ಬೇರೆ ಕನ್ನಡ ಮಾತನ್ನು ಆಡುತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.