ಪ್ಲೇಟ್‌ಲೆಟ್ ಉಸಿರಾಡುತ್ತದೆ ಅನ್ನಬಹುದೇ?

ಗೆಳೆಯರೇ,

ಎರಡು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ. ಹೃದಯದ ತೊಂದರೆಯಿಂದಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರುತ್ತದಲ್ಲ, ಅಂಥವರ ರಕ್ತಕಣಗಳು ತಮಗೆ ಬೇಕಾದ ಶಕ್ತಿಯನ್ನು ಹೇಗೆ ಮಾಡಿಕೊಳ್ಳುತ್ತವೆ ಅನ್ನುವುದು ವಿಷಯ. ಸಾಮಾನ್ಯ ಓದುಗರಿಗೆ ಬರೆಯುತ್ತಿರುವುದು. ಮೊದಲ ಕರಡು ಹೀಗಿತ್ತು:

"ಶ್ವಾಸಕೋಶದ ಅಧಿಕ ರಕ್ತದೊತ್ತಡವಿರುವ ಹೃದಯ ವೈಫಲ್ಯದ ರೋಗಿಗಳಲ್ಲಿ ರಕ್ತಕೋಶಗಳ ಉಸಿರಾಟವನ್ನು ಅಳೆಯಲಾಗುತ್ತದೆ."

ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಕೋಶ ಎರಡು ಸಲ, ಎರಡೂ ಕಡೆ ಬೇರೆ ಅರ್ಥ. ಅದಕ್ಕೆ ಮದ್ದು ಸುಲಭ, 'ರಕ್ತಕಣ' ಅಂದರಾಯಿತು, ಜನ ಹೇಗೂ ಹಾಗೇ ಅನ್ನುತ್ತಾರೆ. 'ಅಧಿಕ'ವನ್ನೂ ತೆಗೆದೆ. ಯಾರಿಗಾದರೂ 'ಬಿಪಿ ಇದೆ' ಅಂದರೆ ಜಾಸ್ತಿ ಇದೆ ಅಂತಲೇ ಅರ್ಥ. ಆದರೆ 'ಶ್ವಾಸಕೋಶದ ಬಿಪಿ' ಅಂತಷ್ಟೇ ಬರೆದು ಬಿಡುವ ಹಾಗೂ ಇಲ್ಲ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಸರಿಯಾಗಿದ್ದೂ ಇದು ಏರಿರಬಹುದು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಸರಾಸರಿ ಒತ್ತಡ ಪಾದರಸದ 20 ಮಿಲಿಮೀಟರ್ ದಾಟಿದರೆ 'ಶ್ವಾಸಕೋಶದ ಅಧಿಕ ರಕ್ತದೊತ್ತಡ' ಅನ್ನುತ್ತಾರೆ. ಖಚಿತವಾಗಿ ಅಳೆಯಬೇಕಾದರೆ ರಕ್ತನಾಳದೊಳಗಿಂದ ಹೃದಯದ ಬಲಭಾಗಕ್ಕೆ ಸಣ್ಣ ಕೊಳವೆ ಇಳಿಸಬೇಕು.

'ಹೃದಯ ವೈಫಲ್ಯ' ನನಗೆ ಮೊದಲಿನಿಂದಲೂ ಇಷ್ಟವಿಲ್ಲ. ಅತ್ತೆಗೆ ಕರಡು ಓದಿ ಹೇಳಿದೆ. "ಹಾರ್ಟ್ ಫೇಲ್ ಅಂದ್ರೆ ಹೋಗಿಬಿಟ್ರು ಅಂತ ಅಲ್ವಾ? ಹೋದವರ ರಕ್ತ ಯಾಕೆ ತೆಗೀತಾರೆ?" ಅಂದರು. ಸರಿಯಾಗೇ ಕೇಳಿದರು. ಆಡುಮಾತಿನಲ್ಲಿ ಹಾರ್ಟ್ ಫೇಲ್ ಅಂದರೆ ಸಾವು. ವೈದ್ಯರ ಮಾತಿನಲ್ಲಿ ಮಾತ್ರ ಅದು ವರ್ಷಗಟ್ಟಲೆ ಇಟ್ಟುಕೊಂಡು ಬದುಕುವ ಕಾಯಿಲೆ. 'ಹೃದಯ ಸೋಲು' ಹೇಗೆ ಅಂತ ಯೋಚಿಸಿದೆ. ಕೈ ಸೋತಿತು, ಕಾಲು ಸೋತವು ಅನ್ನುವಾಗ ದಣಿವಿನ ಅರ್ಥವೇ ಇದೆಯಲ್ಲ. ಆದರೆ ಇಲ್ಲಿ ಹೇಳುತ್ತಿರುವ ಬಗೆಯಲ್ಲಿ ಹೃದಯ ಹಿಂಡುವುದರಲ್ಲಿ ಸೋತೇ ಇಲ್ಲ! ಹಿಂಡುತ್ತದೆ, ಸಡಿಲವಾಗುವುದಿಲ್ಲ. ಎಡಭಾಗ ಪೆಡಸಾಗಿ ರಕ್ತ ತುಂಬಿಕೊಳ್ಳಲು ಕಷ್ಟಪಡುತ್ತದೆ, ಒತ್ತಡ ಹಿಂದಕ್ಕೆ ಶ್ವಾಸಕೋಶದ ನಾಳಗಳವರೆಗೂ ಹತ್ತುತ್ತದೆ. 'ಪೆಡಸು ಹೃದಯ' ಅಂದರೆ ಕಲ್ಲುಮನಸ್ಸಿನವರು ಅನ್ನಿಸುತ್ತದೆಯೇ? ನೀವೇ ಹೇಳಿ.

ಈಗ ನಿಜವಾದ ತೊಡಕು, 'ಉಸಿರಾಟ'. ಇಲ್ಲಿ ಅದರ ಅರ್ಥ, ಕಣ ತನ್ನೊಳಗೆ ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುವುದು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ರೋಗಿಯ ಬಗ್ಗೆ ಬರೆಯುತ್ತಾ ಅದೇ ಸಾಲಿನಲ್ಲಿ ಅವರ ರಕ್ತಕಣದ ಉಸಿರಾಟ ಅಂದರೆ ಓದುಗ ಏನು ತಿಳಿದುಕೊಳ್ಳಬೇಕು? ಇದು ಕನ್ನಡದ ತಪ್ಪೇನೂ ಅಲ್ಲ. ಜರ್ಮನಿಯ ವಿಜ್ಞಾನಿ ಓಟ್ಟೋ ವಾರ್ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಸಿಕ್ಕಿದ್ದೇ 'ಉಸಿರಾಟದ ಕಿಣ್ವ'ದ ಕೆಲಸಕ್ಕೆ, ಆ ಹೆಸರಿಗೂ ಶ್ವಾಸಕೋಶಕ್ಕೂ ಸಂಬಂಧವಿರಲಿಲ್ಲ. ಆದರೆ ನಮ್ಮ ಪದದಲ್ಲಿ 'ಆಟ' ಅಂತೊಂದು ಬಾಲ ಇದೆ. ಓಡಾಟ, ತೂಗಾಟ, ಉಸಿರಾಟ, ಎಲ್ಲದರಲ್ಲೂ ಹೋಗಿ ಬರುವ ಚಲನೆ ಕಾಣುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಅನ್ನುವ ಪುಟ್ಟ ರಕ್ತಕಣದಲ್ಲಿ ಅಂಥದ್ದೇನೂ ಇಲ್ಲ.

ಪ್ರಯೋಗಾಲಯದಲ್ಲಿ ಆಗುವುದು ಇಷ್ಟು. ತೋಳಿನಿಂದ ತೆಗೆದ ರಕ್ತವನ್ನು ನಿಧಾನ ಗಿರಗಿರ ತಿರುಗಿಸಿದರೆ ಕೆಂಪು ಕಣಗಳು ತಳ ಹಿಡಿಯುತ್ತವೆ, ಮೇಲೆ ತೆಳು ಹಳದಿಯ, ಸ್ವಲ್ಪ ಮಸುಕಾದ ದ್ರವ ನಿಲ್ಲುತ್ತದೆ. ಪ್ಲೇಟ್‌ಲೆಟ್ ಇರುವುದು ಅದರಲ್ಲಿ. ಅವನ್ನು ಬೇರ್ಪಡಿಸಿ ಸಣ್ಣ ಗುಳಿಗಳಲ್ಲಿ ಹಾಕಿ, ಸುತ್ತಲಿನ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡುತ್ತಾರೆ. ಆಮೇಲೆ ಒಂದು ರಾಸಾಯನಿಕ ಹಾಕಿ ಮೈಟೋಕಾಂಡ್ರಿಯ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ, ಕಣದೊಳಗಿನ ಪುಟ್ಟ ಘಟಕ) ಗರಿಷ್ಠ ವೇಗದಲ್ಲಿ ಓಡುವಂತೆ ಮಾಡುತ್ತಾರೆ. ಮಾಮೂಲಿ ವೇಗಕ್ಕೂ ಗರಿಷ್ಠಕ್ಕೂ ಇರುವ ಅಂತರವನ್ನು ನಾನು 'ಮೀಸಲು ಕಸುವು' ಅಂದಿದ್ದೇನೆ, ಇದು ನನಗೆ ಒಪ್ಪಿಗೆಯಾಗಿದೆ.

ಇನ್ನೊಂದು ಪೇಚು. 'ರಕ್ತಕಣಗಳ ಉಸಿರಾಟ' ಅಂತ ಒಟ್ಟಾಗಿ ಬರೆದರೆ ಕೆಂಪು ಕಣವೂ ಸೇರಿಬಿಡುತ್ತದೆ. ಅದರೊಳಗೆ ಮೈಟೋಕಾಂಡ್ರಿಯವೇ ಇಲ್ಲ! ಮೈಗೆಲ್ಲ ಆಮ್ಲಜನಕ ಹೊರುವ ಕೂಲಿ, ತನ್ನ ಶಕ್ತಿಗಾಗಿ ಮಾತ್ರ ಅದನ್ನು ಮುಟ್ಟುವುದಿಲ್ಲ. ಒಂದೊಂದು ಗ್ಲೂಕೋಸ್ ಅಣು ಸೀಳಿ 2 ಎಟಿಪಿ (ಕಣ ಖರ್ಚು ಮಾಡುವ ಶಕ್ತಿಯ ಚಿಲ್ಲರೆಯಂಥ ಅಣು) ಗಿಟ್ಟಿಸಿಕೊಂಡು ಸುಮಾರು 120 ದಿನ ಬದುಕುತ್ತದೆ. ಆಮ್ಲಜನಕ ಬಳಸಿದರೆ ಸುಮಾರು 30 ಸಿಗುತ್ತಿತ್ತು. ಪ್ಲೇಟ್‌ಲೆಟ್ಟಿಗೆ ಎರಡೂ ದಾರಿ ಗೊತ್ತು, ಅಳೆಯಲು ಅದನ್ನು ಆರಿಸುವುದೂ ಅದಕ್ಕೇ.

ಮೆಟಬಾಲಿಸಂಗೆ ಬಳಸುವ 'ಚಯಾಪಚಯ' ಪದವನ್ನೂ ಬಿಟ್ಟೆ. ಕಟ್ಟುವುದು, ಒಡೆಯುವುದು ಎರಡೂ ಆ ಪದದಲ್ಲಿವೆ, ನನಗೆ ಬೇಕಿರುವುದು ಶಕ್ತಿಯ ಮಾತೊಂದೇ.

ಈಗಿನ ಕರಡು: "ಹೃದಯ ಪೆಡಸಾಗಿ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದವರ ಪ್ಲೇಟ್‌ಲೆಟ್‌ಗಳು ಎಷ್ಟು ಆಮ್ಲಜನಕ ಬಳಸುತ್ತವೆ ಅಂತ ಅಳೆಯುತ್ತಾರೆ."

'ಆಮ್ಲಜನಕ ಬಳಕೆ' ಸಾಕೇ, ಅಥವಾ 'ಒಳಉಸಿರು' ಅಂತ ಯಾರಾದರೂ ಬಳಸಿದ್ದನ್ನು ಕಂಡಿದ್ದೀರಾ?