ಕಡಿಸಿದ ದಾಸವಾಳ ಬಿಸಿಲಿಗೆ ಸುಟ್ಟಿದೆ, ಚಿಗುರುತ್ತದಾ?

ರಾಯಚೂರಿನ ಪ್ರಶ್ನೆ: ಅಂಗಳದ ಆರಡಿ ದಾಸವಾಳವನ್ನು ಏಪ್ರಿಲ್ ಮೊದಲ ವಾರ ಮೊಣಕಾಲೆತ್ತರಕ್ಕೆ ಕಡಿಸಿದೆವು. ಈಗ ಪಡುವಣ ಬದಿಯ ತೊಗಟೆ ಕಂದಾಗಿ ಬಿರಿದಿದೆ, ಒಂದೂ ಚಿಗುರಿಲ್ಲ. ಎರೆಮಣ್ಣು, ದಿನಾ ಎರಡು ಕೊಡ ನೀರು ಹಾಕುತ್ತಿದ್ದೇವೆ. ಕಿತ್ತು ಹಾಕೋದಾ?

ಸಿಂಧನೂರಿನಿಂದ: ಕೀಳಬ್ಯಾಡ್ರಿ. ತುದಿಯಿಂದ ಕೆಳಕ್ಕ ಗೇಣಿಗೊಂದು ಕಡೆ ಉಗುರಿಲೆ ತೊಗಟಿ ಕೆರೀರಿ. ಒಳಗ ಹಸರು, ಹಸಿ ಇದ್ರ ಜೀವ ಅದ. ಒಣಾ ಕಂದು ಇದ್ರ ಅಷ್ಟು ಭಾಗ ಹೋದಂಗ. ಹಂಗಂತ ಈಗ್ಲೇ ಕತ್ತರಿ ಹಿಡೀಬ್ಯಾಡ್ರಿ, ಒಣಗೋದು ಇನ್ನೂ ಕೆಳಗ ಇಳೀಬಹುದು. ಮಳಿ ಬಿದ್ದು ಚಿಗುರು ಎಲ್ಲಿ ಒಡೀತದ ನೋಡಿ, ಅದರ ಮ್ಯಾಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸ್ರಿ.

ಬಳ್ಳಾರಿಯಿಂದ: ಬಿಸಿಲಿಗಿಂತ ಆ ಎರಡು ಕೊಡದ್ದೇ ಹೆಚ್ಚು ಭಯ. ಎಲೆಯಿಲ್ಲದ ಗಿಡ ಕುಡಿಯುವ ನೀರು ತೀರ ಕಡಿಮೆ. ಎರೆಮಣ್ಣು ಮೇಲೆ ಬಿರಿದರೂ ಕೆಳಗೆ ಮೇಣದಂತೆ ಹಸಿಯಾಗಿರುತ್ತದೆ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ನಾಲ್ಕು ಬೆರಳು ಆಳದ ಮಣ್ಣು ಹಿಚುಕಿ ನೋಡಿ. ಉಂಡೆ ಕಟ್ಟಿದರೆ ಅವತ್ತು ನೀರು ಬೇಡ. ಇಷ್ಟು ದಿನ ಎಲೆಯ ನೆರಳಲ್ಲಿದ್ದ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿತ್ತಲ್ಲ, ಅದಕ್ಕೇ ಪಡುವಣ ಬದಿ ಬೆಂದಿದೆ. ಅರಳಿದ ಸುಣ್ಣವನ್ನು ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ ಕಾಂಡಕ್ಕೆ ಬಳಿಯಿರಿ. ಆಯಿಲ್ ಪೇಂಟ್ ಬೇಡವೇ ಬೇಡ. ಆ ಬದಿಗೆ ಶೇ. 50ರ ನೆರಳು ಬಲೆ, ಗಿಡದಿಂದ ಒಂದಡಿ ದೂರಕ್ಕೆ. ಹಳೇ ಕಾಟನ್ ಸೀರೆಯೂ ನಡೆಯುತ್ತದೆ.

ಗಂಗಾವತಿಯಿಂದ: ಬುಡದ ಸುತ್ತ ಮೂರು ಇಂಚು ಭತ್ತದ ಹೊಟ್ಟು ಹರಡಿ, ರೈಸ್ ಮಿಲ್‌ನಲ್ಲಿ ಸಿಗುತ್ತದೆ. ಕಾಂಡಕ್ಕೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ಗಾಳಿಗೆ ಹಾರದಂತೆ ಮೇಲೆ ಹುಲ್ಲು ಹಾಕಿ. ಹಸಿ ಹೊಟ್ಟನ್ನು ಮಣ್ಣಿಗೆ ಕಲಸಿದರೆ ಕೊಳೆಯುವಾಗ ಸಾರಜನಕ ಅದಕ್ಕೇ ಹೋಗುತ್ತದೆ, ಗಿಡಕ್ಕೆ ಉಳಿಯುವುದಿಲ್ಲ. ಯೂರಿಯಾ ಈಗ ಮುಟ್ಟಬೇಡಿ. ಚಿಗುರು ಗೇಣುದ್ದ ಆದಮೇಲೆ ತಿಂಗಳಿಗೆ ಎರಡು ಬೊಗಸೆ ಎರೆಗೊಬ್ಬರ ಸಾಕು. ಇರುವೆ ಸಾಲು ಕಂಡರೆ ಎಲೆಯಡಿ ಬಿಳಿ ಹಿಟ್ಟು ತಿಗಣೆ ಹುಡುಕಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ಸೋಪು ದ್ರಾವಣ, ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಹಗಲಲ್ಲಿ ಹೊಡೆದರೆ ಎಣ್ಣೆಗೆ ಎಳೆ ಎಲೆ ಸುಡುತ್ತದೆ.

ರಾಯಚೂರು: ಎಷ್ಟು ದಿನ ಕಾಯಬೇಕು?

ಸಿಂಧನೂರು: ಬುಡದಾಗ ಹಸರು ಇರೋತನಕ, ಆಗಸ್ಟ್‌ವರೆಗಾದ್ರೂ ಕಾಯ್ರಿ. ನರ್ಸರಿಯ ಕಸಿ ಗಿಡ ಇದ್ರ ಕಸಿ ಗಂಟಿನ ಕೆಳಗ ಬರೋ ಚಿಗುರು ತೆಗೀರಿ. ಅದನ್ನ ಬೆಳಿಯಾಕ ಬಿಟ್ರ ಬರೋ ಹೂವು ನೀವು ತಂದ ಬಣ್ಣದ್ದಾಗಿರಂಗಿಲ್ಲ.